ಹನಿಹನಿಯಾಗಿ ಇಳಿಯುವ ನೈಟ್ರೋಗ್ಲಿಸರಿನ್

ತೀವ್ರ ಎದೆನೋವಿನ ರೋಗಿಯನ್ನು ಆಸ್ಪತ್ರೆಯ ಹೃದ್ರೋಗ ನಿಗಾ ಘಟಕಕ್ಕೆ ಸೇರಿಸಿದಾಗ, ಹಾಸಿಗೆಯ ಪಕ್ಕದ ಕಂಬಕ್ಕೆ ಚಿಕ್ಕದೊಂದು ಯಂತ್ರವನ್ನು ಜೋಡಿಸಿ, ಸಣ್ಣ ನಳಿಕೆಯ ಮೂಲಕ ಔಷಧವನ್ನು ರಕ್ತನಾಳಕ್ಕೆ ಬಿಡುವುದನ್ನು ಬಂಧುಗಳು ಗಮನಿಸಿರಬಹುದು. ಹೊರಗೆ ಕಾದು ಕುಳಿತವರಲ್ಲಿ ಯಾರಾದರೊಬ್ಬರು ‘ಎನ್‌ಟಿಜಿ ಹಾಕಿದ್ದಾರಂತೆ’ ಎಂದು ಪಿಸುಗುಡುತ್ತಾರೆ. ಆ ಮೂರಕ್ಷರದ ಹಿಂದಿರುವುದು ನೈಟ್ರೋಗ್ಲಿಸರಿನ್. ಬಂಡೆಯೊಡೆಯುವ ಡೈನಮೈಟಿನ ಮೂಲವಸ್ತುವೂ ಇದೇ ಎಂದರೆ ಕೇಳಿದವರು ಬೆಚ್ಚುವುದು ಸಹಜ. ಆದರೆ ಚುಚ್ಚುಮದ್ದಿನಲ್ಲಿರುವುದು ಅತ್ಯಂತ ತೆಳುಗೊಳಿಸಿದ ದ್ರಾವಣ. ಸಿಡಿಯುವ ಭಯ ಅಲ್ಲಿಲ್ಲ.

1847ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಅಸ್ಕಾನಿಯೊ ಸೊಬ್ರೆರೊ ಎಂಬ ರಸಾಯನಜ್ಞ ಇದನ್ನು ಮೊದಲು ತಯಾರಿಸಿದ. ಕಿಂಚಿತ್ತನ್ನು ನಾಲಗೆಗೆ ತಾಗಿಸಿಕೊಂಡಾಗ ತಲೆ ಸಿಡಿಯುವಂತಾಯಿತೆಂದು ಆತನೇ ಬರೆದಿಟ್ಟಿದ್ದಾನೆ. ರಕ್ತನಾಳಗಳು ಹಿಗ್ಗಿದ್ದರ ಕುರುಹು ಅದು. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಎದೆನೋವಿನ ರೋಗಿಗಳಿಗೆ ಇದನ್ನು ಕೊಟ್ಟು, ಗುಣ ಕಂಡುದನ್ನು ಪ್ರಕಟಿಸಿದ. ಡೈನಮೈಟಿನ ಜನಕ ಆಲ್ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ಹೃದ್ರೋಗ ತಗುಲಿದಾಗ ವೈದ್ಯರು ಇದೇ ವಸ್ತುವನ್ನು ಬರೆದುಕೊಟ್ಟರು. ವಿಧಿಯ ಈ ವಿನೋದವನ್ನು ಆತ 1896ರಲ್ಲಿ, ಅಂದರೆ ತೀರಿಕೊಂಡ ವರ್ಷವೇ, ಮಿತ್ರನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಔಷಧ ದೇಹದಲ್ಲಿ ಹೇಗೆ ವರ್ತಿಸುತ್ತದೆಂಬ ಗುಟ್ಟು ಬಿಚ್ಚಿಕೊಳ್ಳಲು ಮಾತ್ರ ಇನ್ನೂ ಬಹುಕಾಲ ಹಿಡಿಯಿತು. ಇದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಗೆಡಹುತ್ತದೆ. ಆ ಅನಿಲ ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಈ ಅನಿಲದ ಮಹತ್ವವನ್ನು ತೋರಿಸಿಕೊಟ್ಟ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಮೂವರಿಗೆ 1998ರ ನೊಬೆಲ್ ಪಾರಿತೋಷಕ ದೊರೆಯಿತು.

ಹೃದಯದ ನಾಳದಲ್ಲಿನ ಅಡೆತಡೆಯನ್ನು ಈ ಮದ್ದು ತೊಳೆದುಹಾಕುತ್ತದೆ ಎಂಬ ಭಾವನೆ ಜನರಲ್ಲಿದೆ. ಅದು ಸರಿಯಲ್ಲ. ಇದರ ಮುಖ್ಯ ಕಾರ್ಯ ನಡೆಯುವುದು ಹೃದಯದಿಂದ ದೂರದಲ್ಲಿ. ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಕೈಕಾಲು, ಉದರಗಳ ಅಭಿಧಮನಿಗಳು ಹಿಗ್ಗಿ, ರಕ್ತದ ಒಂದಷ್ಟು ಭಾಗ ಅಲ್ಲಿಯೇ ತಂಗುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಅದರ ದುಡಿಮೆಯೂ, ಆಮ್ಲಜನಕದ ಬೇಡಿಕೆಯೂ ಇಳಿಯುತ್ತವೆ. ಕಪಿಲೆ ಎಳೆಯುವ ಎತ್ತಿಗೆ ಮೇವು ಹೆಚ್ಚಿಸಲಾಗದ ಬರಗಾಲದಲ್ಲಿ ಹೊರೆಯನ್ನಾದರೂ ಇಳಿಸಿದಂತೆ ಇದು. ಪ್ರಮಾಣ ಏರಿದಂತೆ ಅಪಧಮನಿಗಳೂ ಸಡಿಲಗೊಂಡು ರಕ್ತದೊತ್ತಡ ತಗ್ಗುತ್ತದೆ. ಹೃದಯದ ಸ್ವಂತ ನಾಳಗಳು ತುಸು ಹಿಗ್ಗುವುದೂ ಉಂಟು.

ಇದನ್ನು ನುಂಗಿದರೆ ಬಹುಪಾಲು ಯಕೃತ್ತಿನಲ್ಲಿಯೇ ನಾಶವಾಗುತ್ತದೆ. ಆದ್ದರಿಂದಲೇ ಮಾತ್ರೆಯನ್ನು ನಾಲಗೆಯಡಿ ಇಡುವ ಕ್ರಮ ಬಂದಿತು. ಚುಚ್ಚುಮದ್ದಿನ ಅನುಕೂಲ ಬೇರೆ: ರಕ್ತದಲ್ಲಿ ಅದರ ಆಯುಸ್ಸು ಕೆಲವೇ ನಿಮಿಷ. ಹೆಚ್ಚಾಯಿತೆನಿಸಿದರೆ ವೇಗ ತಗ್ಗಿಸಿದೊಡನೆ ಪರಿಣಾಮವೂ ತಗ್ಗುತ್ತದೆ. ನಿಲ್ಲದ ಎದೆನೋವು, ರಕ್ತದೊತ್ತಡವೇರಿ ಶ್ವಾಸಕೋಶದಲ್ಲಿ ನೀರು ತುಂಬುವ ಹೃದಯವೈಫಲ್ಯ, ಶಸ್ತ್ರಚಿಕಿತ್ಸೆಯ ವೇಳೆ ಏರುವ ಒತ್ತಡ ಇವುಗಳಿಗೆ ಇದನ್ನು ಬಳಸುತ್ತಾರೆ. ಸಾಮಾನ್ಯವಾಗಿ ನಿಮಿಷಕ್ಕೆ 5 ಮೈಕ್ರೋಗ್ರಾಂನಿಂದ ಆರಂಭಿಸಿ, 3ರಿಂದ 5 ನಿಮಿಷಗಳಿಗೊಮ್ಮೆ ಒತ್ತಡ ನೋಡಿ ಮೆಲ್ಲನೆ ಏರಿಸುತ್ತಾರೆ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು! ಆದುದರಿಂದ ತೆಳುಗೊಳಿಸದೆ ಕೊಡುವಂತಿಲ್ಲ, ಯಂತ್ರವಿಲ್ಲದೆ ಅಂದಾಜಿನಲ್ಲಿ ಬಿಡುವುದೂ ಕ್ಷೇಮವಲ್ಲ. ಸಾಧಾರಣ ಪಿವಿಸಿ ನಳಿಕೆಯ ಗೋಡೆ ಈ ಔಷಧವನ್ನು ಹೀರಿಕೊಳ್ಳುವುದರಿಂದ ಬೇರೆ ಬಗೆಯ ನಳಿಕೆಯನ್ನು ಬಳಸುವುದು ಒಳ್ಳೆಯದು. ಹನಿ ನಿಧಾನವೆಂದು ತೋರಿ ಬಂಧುಗಳು ತಾವೇ ತಿರುಪನ್ನೋ ಗುಂಡಿಯನ್ನೋ ಮುಟ್ಟುವುದು ಪ್ರಾಣದೊಡನೆ ಆಡಿದಂತೆ. ರೋಗಿಯನ್ನು ಥಟ್ಟನೆ ಎಬ್ಬಿಸಿ ಕೂರಿಸಬಾರದು. ತಲೆಸುತ್ತಿ ಬೀಳುವ ಸಂಭವವುಂಟು. ತಲೆನೋವು ಬರುವುದು ಸಾಮಾನ್ಯ, ಅದಕ್ಕಾಗಿ ಗಾಬರಿ ಬೇಡ, ದಾದಿಗೆ ತಿಳಿಸಿದರೆ ಸಾಕು.

ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ, ಹೃದಯದ ಬಲಭಾಗಕ್ಕೆ ಆಘಾತವಾಗಿದ್ದರೆ, ಮಹಾಪಧಮನಿಯ ಕವಾಟ ತೀರ ಕಿರಿದಾಗಿದ್ದರೆ, ತಲೆಗೆ ಪೆಟ್ಟಾಗಿ ಒಳಗೆ ಒತ್ತಡ ಏರಿದ್ದರೆ ವೈದ್ಯರು ಇದನ್ನು ಕೊಡಲು ಹಿಂಜರಿಯುತ್ತಾರೆ. ಇನ್ನೊಂದು ಸಂಗತಿ ಮನೆಯವರ ಬಾಯಿಂದಲೇ ಬರಬೇಕಾದದ್ದು. ಸಿಲ್ಡೆನಾಫಿಲ್ ಸೇವಿಸಿ 24 ಗಂಟೆಯೊಳಗೆ, ಟಡಾಲಾಫಿಲ್ ಸೇವಿಸಿ 48 ಗಂಟೆಯೊಳಗೆ ನೈಟ್ರೇಟ್ ಕೊಟ್ಟರೆ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣಾಪಾಯವಾಗಬಹುದು. ಇವು ಪುರುಷರ ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಮಾತ್ರೆಗಳೆಂದು ನಾಚಿ ಮುಚ್ಚಿಡುವವರುಂಟು. ಶ್ವಾಸಕೋಶದ ನಾಳಗಳ ಒತ್ತಡಕ್ಕಾಗಿ ಇವನ್ನೇ ಸ್ತ್ರೀಯರಿಗೂ ಕೊಡುತ್ತಾರೆ. ನಾಲ್ಕು ಜನರೆದುರು ಹೇಳಲು ಸಂಕೋಚವಾದರೆ ವೈದ್ಯರನ್ನು ಪಕ್ಕಕ್ಕೆ ಕರೆದು ಹೇಳಬಹುದು, ಹೇಳದೆ ಇರಬಾರದು.

ಮದ್ದು ಎಡೆಬಿಡದೆ ಹರಿದರೆ ಒಂದು ದಿನದೊಳಗೆ ದೇಹ ಅದಕ್ಕೆ ಒಗ್ಗಿಹೋಗಿ ಪರಿಣಾಮ ಕುಗ್ಗುತ್ತದೆ. ಡೈನಮೈಟ್ ಕಾರ್ಖಾನೆಗಳ ಕೆಲಸಗಾರರಿಗೆ ವಾರದ ರಜೆ ಮುಗಿಸಿ ಬಂದ ಸೋಮವಾರವೇ ತಲೆನೋವು ಮರುಕಳಿಸುತ್ತಿತ್ತು. ಮಿಕ್ಕ ದಿನ ಒಗ್ಗಿಕೊಂಡಿರುತ್ತಿತ್ತು.

ನೋವು ನಿಂತಿತೆಂದರೆ ರೋಗ ನಿಂತಿತೆಂದು ತಿಳಿಯುವುದೇ ಎಲ್ಲಕ್ಕಿಂತ ದೊಡ್ಡ ಅಪಾಯವೆಂದು ನನ್ನ ಭಾವನೆ. ಇಟಲಿಯಲ್ಲಿ ಹೃದಯಾಘಾತದ ಸುಮಾರು 19,000 ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲ್ಲರಿಗೂ ವಾಡಿಕೆಯಂತೆ ನೈಟ್ರೇಟ್ ಕೊಟ್ಟದ್ದರಿಂದ ಮರಣ ಗಣನೀಯವಾಗಿ ತಗ್ಗಲಿಲ್ಲ. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವುದು ಬೇರೆ ಔಷಧದ ಕೆಲಸ, ಇಲ್ಲವೇ ಆಂಜಿಯೋಪ್ಲಾಸ್ಟಿಯ ಕೆಲಸ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಲುಪಿಸಲೆಂದೇ ಬಂದದ್ದು. ‘ಈಗ ನೋವಿಲ್ಲವಲ್ಲ, ಬೆಳಿಗ್ಗೆ ನೋಡೋಣ’ ಎಂದು ದೊಡ್ಡ ಆಸ್ಪತ್ರೆಗೆ ಸಾಗಿಸಲು ತಡಮಾಡಿದ ಪ್ರತಿ ಗಳಿಗೆಯಲ್ಲೂ ಹೃದಯದ ಸ್ನಾಯು ಒಂದಿಷ್ಟು ಸಾಯುತ್ತಿರುತ್ತದೆ.

ಚುಚ್ಚುಮದ್ದು ಮನೆಯ ವಸ್ತುವಲ್ಲ. ಮನೆಯಲ್ಲಿರುವುದು ಇದರ ಬಂಧುವಾದ ಐಸೋಸಾರ್ಬೈಡ್ ಡೈನೈಟ್ರೇಟ್ ಮಾತ್ರೆ. ವೈದ್ಯರು ಯಾರಿಗೆ ಬರೆದುಕೊಟ್ಟಿದ್ದಾರೋ ಅವರು ಕುಳಿತುಕೊಂಡು ಒಂದು ಮಾತ್ರೆಯನ್ನು ನಾಲಗೆಯಡಿ ಇಡಬೇಕು, ನುಂಗಬಾರದು. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಬೇಕು. ನೆರೆಮನೆಯವರಿಗೆ ಎದೆನೋವೆಂದು ನಮ್ಮ ಡಬ್ಬಿಯಿಂದ ತೆಗೆದುಕೊಡುವುದು ಉಪಕಾರವಲ್ಲ. ನೈಟ್ರೋಗ್ಲಿಸರಿನ್ ಮಾತ್ರೆಯಾದರೆ ಅದು ಬಂದ ಗಾಜಿನ ಸೀಸೆಯಲ್ಲಿಯೇ, ಮುಚ್ಚಳ ಬಿಗಿಮಾಡಿ, ಬಿಸಿಲು ತಾಗದೆಡೆ ಇರಲಿ.