ಊದೋದೇನು ಮಹಾ ಅನ್ನೋರಿಗೆ...

ನಮ್ಮ ಕೋಲಾರ, ಮಾಲೂರು ಕಡೆ ಮದುವೆಗೆ ಬ್ಯಾಂಡ್ ಸೆಟ್ ಗೊತ್ತು ಮಾಡೋವಾಗ ಒಂದು ಮಾತು ಕೇಳಿದ್ದೀನಿ. "ಊದೋದಕ್ಕೆ ಅಷ್ಟೊಂದು ದುಡ್ಡೇನಪ್ಪಾ? ಗಾಳಿ ತಾನೇ!"

ಈ ಮಾತಾಡೋರೆಲ್ಲ ಒಂದ್ಸಲ ನಮ್ಮ ಮನೆಗೆ ಬನ್ನಿ. ಹೊಸ ಟ್ರಂಪೆಟ್ ತಗೊಂಡು ಎರಡು ವಾರ ಆಯ್ತು. ಊದಿ ತೋರಿಸಿ. ರಾಗ ಬೇಡ, ಸದ್ದು ಬಂದ್ರೆ ಸಾಕು :-)

ಬರೀ ಗಾಳಿ ಊದಿದ್ರೆ ಆ ಕಡೆಯಿಂದ ಬರೀ ಗಾಳೀನೇ ಬರುತ್ತೆ. ನಾಗಸ್ವರಕ್ಕೆ, ಸ್ಯಾಕ್ಸೋಫೋನಿಗೆ ಬಾಯಲ್ಲಿ ಹಿಡಿಯೋ ರೀಡ್ ಇದೆ, ನಡುಗೋ ಕೆಲಸ ಅದರದ್ದು. (ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಮೈಯೆಲ್ಲ ಹಿತ್ತಾಳೆ ಆದ್ರೂ ಟ್ರಂಪೆಟ್ ಜಾತಿಗೆ ಸೇರದೇ ಇರೋದು ಇದಕ್ಕೇ.) ಟ್ರಂಪೆಟ್‌ನಲ್ಲಿ ನಡುಗಬೇಕಾದ್ದು ನಮ್ಮ ತುಟಿ. ಮೊದಲ ದಿನ ಹತ್ತೇ ನಿಮಿಷಕ್ಕೆ ತುಟಿ ಜೋಮು ಹಿಡೀತು, ಒಳಗಡೆ ಹಲ್ಲಿನ ಗುರುತು ಬಿತ್ತು. ಮೂರನೇ ದಿನ ಒಂದು ಸ್ವರ ಬಂತು. ಪಕ್ಕದ ಮನೆಯವರು "ಎಮ್ಮೆ ತಂದ್ರಾ?" ಅಂದ್ರು.

ಇರೋದು ಮೂರೇ ಗುಂಡಿ. ನಡುವಿನದು ಒತ್ತಿದ್ರೆ ಅರ್ಧ ಸ್ವರ ಇಳಿಯುತ್ತೆ, ಮೊದಲನೆಯದು ಒಂದು, ಮೂರನೆಯದು ಒಂದೂವರೆ. ಏನೂ ಒತ್ತದೆ ಅದೇ ಕೊಳವೆಯಲ್ಲಿ ಸ, ಪ, ಮೇಲಿನ ಸ, ಅದರ ಮೇಲೆ ಗ, ಪ... ಇಷ್ಟನ್ನೂ ತುಟಿಯ ಬಿಗಿಯಲ್ಲೇ ಹಿಡಿಯಬೇಕು. ಈ ಗುಂಡಿಗಳಿಗೆ ಪ್ರಷ್ಯಾದಲ್ಲಿ ಪೇಟೆಂಟ್ ಸಿಕ್ಕಿದ್ದೇ 1818ರಲ್ಲಿ. ನಮ್ಮ ಜಾತ್ರೆಗಳ ಕೊಂಬು, ಕಹಳೆಗೆ ಅದೂ ಇಲ್ಲ. ಎಲ್ಲಾ ತುಟಿಯದೇ ಲೆಕ್ಕ.

ಇನ್ನೊಂದು ಮಾತು ಹೇಳಲೇಬೇಕು. ವಾದ್ಯದ ಕೆಳಗೆ ಸಣ್ಣದೊಂದು ಕೀಲಿ ಇರುತ್ತೆ, ಅದನ್ನೊತ್ತಿ ಆಗಾಗ ನೀರು ಬಿಡಬೇಕು. ಬ್ಯಾಂಡಿನವರು ಹಾಗೆ ಮಾಡೋವಾಗ ಕೆಲವರು "ಥೂ, ಎಂಜಲು" ಅಂತ ದೂರ ಸರೀತಾರೆ. ಸ್ವಾಮಿ, ಅದರಲ್ಲಿ ಹೆಚ್ಚಿನ ಪಾಲು ಉಸಿರಿನ ಆವಿ ತಣ್ಣಗಿನ ಲೋಹಕ್ಕೆ ತಾಗಿ ಆದ ನೀರು! ಚಳಿಗಾಲದಲ್ಲಿ ನಿಮ್ಮ ಕನ್ನಡಕದ ಮೇಲೆ ಕೂರುತ್ತಲ್ಲ, ಅದೇ. ಅವರು ಮೂಗು ಮುರಿಯೋದು ನೀರಿಗೋ, ಊದೋನು ಯಾರ ಮಗ ಅನ್ನೋದಕ್ಕೋ?

"ಬ್ಯಾಂಡ್ ನಮ್ಮ ಸಂಸ್ಕೃತಿ ಅಲ್ಲ" ಅನ್ನೋ ಪಂಡಿತರೂ ಇದ್ದಾರೆ. ಮೈಸೂರಲ್ಲಿ ಇಂಗ್ಲಿಷ್ ಬ್ಯಾಂಡ್ ಜತೆ ಕರ್ನಾಟಕ ಬ್ಯಾಂಡ್ ಅಂತಲೂ ಇದೆ. ಕದ್ರಿಯವರಿಗೆ ಸ್ಯಾಕ್ಸೋಫೋನ್ ಹುಚ್ಚು ಹತ್ತಿದ್ದು ಅರಮನೆ ಬ್ಯಾಂಡ್ ನೋಡಿ. ಸಾಕಲ್ವಾ?

ಆರತಕ್ಷತೆಯಿಂದ ಶುರು ಮಾಡಿ ಮಧ್ಯರಾತ್ರಿವರೆಗೂ ಊದಿಸಿ, ಬೆಳಗಿನ ಜಾವ ಮತ್ತೆ ಎಬ್ಬಿಸ್ತೀವಿ. ಎರಡು ನಿಮಿಷ ತುಟಿ ಒರೆಸಿಕೊಂಡ್ರೆ "ಯಾಕ್ ನಿಲ್ಸಿದ್ರಿ, ದುಡ್ಡು ಕೊಡಲ್ವಾ?" ಅಂತ ಗದರಿಸ್ತೀವಿ. ತುಟಿ ಮಾಂಸದ್ದು, ಡಿಜೆ ಡಬ್ಬ ಅಲ್ಲ. ಆ ಡಬ್ಬದವನಿಗೆ ಮಾತ್ರ ತುಟಿಪಿಟಕ್ ಅನ್ನದೆ ಮುಂಗಡ ಎಣಿಸಿ ಕೊಡ್ತೀವಿ!

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಈ ಸಲ ಮದುವೆ ಇಟ್ಕೊಂಡಿರೋ ಗೆಳೆಯರೇ, ಬ್ಯಾಂಡಿನವರಿಗೆ ನಡುನಡುವೆ ಬಿಡುವು ಕೊಡಿ. ಊಟಕ್ಕೆ ಕೊನೇ ಪಂಕ್ತಿವರೆಗೂ ಕಾಯಿಸಬೇಡಿ. ಒಪ್ಪಿದ ದುಡ್ಡು ಪೂರ್ತಿ ಕೊಡಿ. ಚೌಕಾಸಿ ಮಾಡದೆ ಕೈ ಕಡೀತಿದ್ರೆ ಡಿಜೆಯವನ ಹತ್ರ ಮಾಡಿ.