ಸೈಕಲಿಗೆ ಮೋಟಾರು, ತಿಳುವಳಿಕೆಗೆ ಕನ್ನಡ

ಅಂಚೆಯ ಮೂಲಕ ನಮ್ಮ ಪತ್ರಿಕೆಯನ್ನು ತರಿಸಿಕೊಳ್ಳುವ ತಿಗನಾರೆಯ ಓದುಗರೊಬ್ಬರು ಮೂರು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಮನೆಯಲ್ಲಿರುವ ಹಳೆಯ ಸೈಕಲಿಗೆ ವಿದ್ಯುತ್ ಮೋಟಾರು ಕೂಡಿಸುವ ಸಾಮಾನು ಈಗ ಪೇಟೆಯಲ್ಲಿ ದೊರೆಯುತ್ತದೆಯಷ್ಟೆ. ಅದನ್ನು ಕೂಡಿಸಿದರೆ ಲೈಸೆನ್ಸು ಬೇಕೆ? ಬೆಟ್ಟದ ಏರುದಾರಿಯಲ್ಲಿ ಅದು ಎಳೆದೀತೆ? ಸಾಮಾನಿನೊಡನೆ ಬರುವ ಕಾಗದ ಇಂಗ್ಲಿಷಿನಲ್ಲಿದೆ; ಅದನ್ನು ನಮಗೆ ಕನ್ನಡದಲ್ಲಿ ತಿಳಿಸುವವರು ಯಾರು? ಸಂಪಾದಕೀಯ ಬರೆಯಲು ಇದೊಂದು ವಿಷಯವೇ ಎಂದು ಕೆಲವರಿಗೆ ತೋರಬಹುದು. ಆದರೆ ಮೂರನೆಯ ಪ್ರಶ್ನೆ ತಿಗನಾರೆಯದು ಮಾತ್ರವಲ್ಲ. ಕಾಸರಗೋಡು, ಮಂಜೇಶ್ವರಗಳ ಪ್ರತಿಯೊಂದು ಕನ್ನಡ ಮನೆಯದೂ ಹೌದು. ಆದುದರಿಂದಲೇ ಇಲ್ಲಿ ಎತ್ತಿಕೊಂಡಿದ್ದೇವೆ.

ತಿಗನಾರೆ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ತಾಳವಾಡಿ ಬೆಟ್ಟಸೀಮೆಯ ಊರು. ವರನಟ ಡಾ. ರಾಜಕುಮಾರರ ಗಾಜನೂರು ಇದೇ ಸೀಮೆಯಲ್ಲಿದೆಯೆಂದರೆ ನಮ್ಮ ಓದುಗರಿಗೆ ದಿಕ್ಕು ತಿಳಿದೀತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು. ಅವರು ಅಂದಿನ ಮದ್ರಾಸ್ ರಾಜ್ಯದಲ್ಲಿಯೇ ಉಳಿದರು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಅವರಿಗೆ ಚಾಮರಾಜನಗರ ಹತ್ತಿರ. ತಮ್ಮದೇ ಜಿಲ್ಲಾಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಸುತ್ತಲಿನ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಮೀಸಲು ಪ್ರದೇಶವೆಂದು ಘೋಷಿತವಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂತು. ಇಂತಹ ಸೀಮೆಯಲ್ಲಿ ಹೊಲಕ್ಕೆ, ಹಾಲಿನ ಡೈರಿಗೆ, ಬಸ್ಸು ನಿಲ್ಲುವಲ್ಲಿಗೆ ಹೋಗಿಬರಲು ಸ್ವಂತದ್ದೊಂದು ವಾಹನವಿಲ್ಲದೆ ನಡೆಯದು. ಸೈಕಲಿಗಂತೂ ಅಲ್ಲಿ ಬರವಿಲ್ಲ. ತಮಿಳುನಾಡು ಸರಕಾರವು ಹನ್ನೊಂದನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲು ಕೊಡುತ್ತ ಬಂದಿದೆ. ಮಗ ಓದು ಮುಗಿಸಿದ ಮೇಲೆ ಆ ಸೈಕಲು ತಂದೆಯ ಪಾಲಿಗೆ ಬರುತ್ತದೆ. ಅದಕ್ಕೊಂದು ಮೋಟಾರು ಸಿಕ್ಕಿದರೆ ಒಳ್ಳೆಯದಲ್ಲವೆ ಎಂದು ಐವತ್ತು ದಾಟಿದ ರೈತನಿಗೆ ಅನಿಸುವುದು ಸಹಜ.

ಈ ಯೋಚನೆ ಹೊಸದೇನಲ್ಲ. ಚಕ್ರದ ನಡುವಿನ ಹಬ್ಬಿನೊಳಗೇ ವಿದ್ಯುತ್ ಮೋಟಾರನ್ನು ಇರಿಸಿದ ಸೈಕಲಿಗೆ ಅಮೆರಿಕದ ಆಗ್ಡನ್ ಬೋಲ್ಟನ್ ಎಂಬವರು 1895ರ ಡಿಸೆಂಬರ್ 31ರಂದೇ ಪೇಟೆಂಟು ಪಡೆದಿದ್ದರು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಜಪಾನಿನ ಹೊಂಡಾ ಅವರು ಉದ್ಯಮ ಆರಂಭಿಸಿದ್ದೂ ಸೈನ್ಯದ ಸಣ್ಣ ಇಂಜಿನುಗಳನ್ನು ಸೈಕಲಿಗೆ ಕೂಡಿಸಿಯೇ. ನಮ್ಮಲ್ಲಿ 1980ರಲ್ಲಿ ಹೊಸೂರಿನಿಂದ ಹೊರಟ ಟಿ.ವಿ.ಎಸ್. 50 ಮೊಪೆಡ್ ಹಳ್ಳಿಹಳ್ಳಿಗಳ ಭಾರವನ್ನು ಹೊತ್ತಿತು. ಬೋಲ್ಟನ್ನರ ಕಾಲದಲ್ಲಿ ಇಲ್ಲದಿದ್ದುದು ಹಗುರವಾದ ಬ್ಯಾಟರಿ. 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದ ಮೇಲೆ ಆ ಕೊರತೆ ನೀಗಿತು. 2022ರ ಫೆಬ್ರವರಿಯಲ್ಲಿ ಗುರುಸೌರಭ ಸಿಂಗ್ ಎಂಬವರು ತಯಾರಿಸಿದ ಇಂತಹ ಒಂದು ಸಾಧನವನ್ನು ಉದ್ಯಮಿ ಆನಂದ ಮಹೀಂದ್ರರು ಮೆಚ್ಚಿ ಪ್ರಚಾರ ಕೊಟ್ಟಂದಿನಿಂದ ಹಳ್ಳಿಯವರ ಬಾಯಲ್ಲಿಯೂ ಇದರ ಮಾತು ಕೇಳಿಬರುತ್ತಿದೆ.

ಮೊದಲನೆಯದಾಗಿ ಕಾನೂನನ್ನು ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವಾಟಿಗಿಂತಲೂ, ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದು, ಸರಕಾರ ಗೊತ್ತುಪಡಿಸಿದ ಪರೀಕ್ಷಾ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಿದ್ದರೆ, ಅಂತಹ ಸೈಕಲು ಮೋಟಾರು ವಾಹನವೆನಿಸುವುದಿಲ್ಲ. ಲೈಸೆನ್ಸು, ನೋಂದಣಿ, ವಿಮೆ ಯಾವುದೂ ಕಡ್ಡಾಯವಲ್ಲ. ತುಳಿತಕ್ಕೆ ನೆರವಾಗುವ ಮೋಟಾರು ವೇಗ 25 ಕಿಲೋಮೀಟರು ಮುಟ್ಟುತ್ತಲೂ, ಅಥವಾ ಸವಾರನು ತುಳಿಯುವುದನ್ನು ನಿಲ್ಲಿಸುತ್ತಲೂ, ತಾನಾಗಿ ನಿಲ್ಲಬೇಕು. ಸರಿಯಾದ ಬ್ರೇಕು, ಮುಂದೆ ಬಿಳಿಯ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಇಷ್ಟನ್ನು ತಿಳಿದವನು ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಪರೀಕ್ಷಾ ಪತ್ರವನ್ನು ಕೇಳುತ್ತಾನೆ.

ತಿಳಿಯದವನ ಗತಿಯೇನು? ಬೆಟ್ಟಕ್ಕೆ ಜೋರು ಬೇಕೆಂದು 500 ಅಥವಾ 750 ವಾಟಿನ ಮೋಟಾರನ್ನು ತರಿಸುತ್ತಾನೆ. ಆ ಗಳಿಗೆಯಿಂದ ಅವನ ಸೈಕಲು ಕಾನೂನಿನ ಕಣ್ಣಿಗೆ ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನ. ದಾರಿಯಲ್ಲಿ ಯಾರಿಗಾದರೂ ತಾಗಿ ಕೈಕಾಲು ಮುರಿದರೆ ಪರಿಹಾರದ ಹಣ ವಿಮಾ ಕಂಪೆನಿಯಿಂದ ಬರುವುದಿಲ್ಲ. ಆ ಮನೆಯ ಹಸುವನ್ನೋ ಹೊಲವನ್ನೋ ಮಾರಿ ಕೊಡಬೇಕಾಗುತ್ತದೆ. ಇಂಗ್ಲಿಷಿನ ಒಂದು ಸಾಲು ಅರ್ಥವಾಗದ ಕಾರಣಕ್ಕೆ ಒಂದು ಸಂಸಾರ ಬೀದಿಗೆ ಬರುವುದೆಂದರೆ ಸಣ್ಣ ಮಾತಲ್ಲ.

ಎರಡನೆಯದು, ಎಳೆದೀತೆ ಎಂಬ ಪ್ರಶ್ನೆ. ಇದಕ್ಕೆ ಮಾರುವವನ ಮಾತು ಬೇಡ, ಹತ್ತನೆಯ ತರಗತಿಯ ಲೆಕ್ಕ ಸಾಕು. 36 ವೋಲ್ಟಿನ, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇವೆರಡನ್ನು ಗುಣಿಸಿದಷ್ಟು, ಅಂದರೆ 360 ವಾಟ್-ಗಂಟೆ ಶಕ್ತಿಯಿದೆ. ನಷ್ಟವನ್ನು ಸೇರಿಸಿದರೂ ಒಂದು ಸಲ ತುಂಬಿಸಲು ಅರ್ಧ ಯೂನಿಟ್ ವಿದ್ಯುತ್ತು ಬೇಕಾಗದು. ತಿಂಗಳಿಗೆ 25 ಸಲ ತುಂಬಿಸಿದರೂ 11 ಯೂನಿಟಿನ ಆಸುಪಾಸು. ತಮಿಳುನಾಡಿನಲ್ಲಿ 2016ರಿಂದ ಮನೆಬಳಕೆಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತವಾಗಿರುವುದರಿಂದ ತಿಗನಾರೆಯ ಬಡವನಿಗೆ ಇದು ದೊಡ್ಡ ಅನುಕೂಲ. ಸಮನೆಲದಲ್ಲಿ ತುಸು ತುಳಿಯುತ್ತ ಹೋದರೆ ಇಷ್ಟು ಶಕ್ತಿಯಲ್ಲಿ 30 ಕಿಲೋಮೀಟರಿನಷ್ಟು ಹೋಗಬಹುದು.

ಏರಿನಲ್ಲಿ ಲೆಕ್ಕ ಬೇರೆ. ಸವಾರ, ಸೈಕಲು, ಹೊರೆ ಸೇರಿ 100 ಕಿಲೋ ಎಂದಿಟ್ಟುಕೊಳ್ಳಿ. ಅದನ್ನು 100 ಮೀಟರು ಎತ್ತರಕ್ಕೆ ಏರಿಸಲು 27 ವಾಟ್-ಗಂಟೆ ಬೇಕು. ಮೋಟಾರು ಕಾಯುವುದರಲ್ಲಿ, ಚಕ್ರ ಉಜ್ಜುವುದರಲ್ಲಿ ಹೋಗುವುದನ್ನು ಕೂಡಿಸಿದರೆ 40ಕ್ಕೆ ಸಮೀಪ. ಎಂದರೆ ನೂರು ಮೀಟರು ಏರಿದಾಗ ಬ್ಯಾಟರಿಯ ಒಂಬತ್ತನೆಯ ಒಂದು ಪಾಲು ಮುಗಿಯಿತು. ಹತ್ತು ಮೀಟರು ಸಾಗುವಾಗ ಒಂದು ಮೀಟರು ಏರುವಂತಹ ಕಡಿದಾದ ದಾರಿಯಲ್ಲಿ 250 ವಾಟಿನ ಮೋಟಾರು ಗಂಟೆಗೆ 8 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಎಳೆಯಲಾರದು. ನಮ್ಮ ಕಡೆಯ ಮುರಕಲ್ಲು ಗುಡ್ಡೆಗಳಿಗೂ ಈ ಮಾತು ಅನ್ವಯಿಸುತ್ತದೆ. ಕಾಲಿನ ನೆರವು ಕೊಡದೆ ಮೋಟಾರೊಂದನ್ನೇ ನೆಚ್ಚಿದರೆ ಅದು ಬಿಸಿಯೇರಿ ಹಾಳಾದೀತು. ಮೋಟಾರು ತುಳಿಯುವವನ ಜೊತೆಗಾರನೇ ಹೊರತು ಬದಲಿಯಾಳಲ್ಲ. ತುಳಿಯುತ್ತ ಹೋದರೆ ಬ್ಯಾಟರಿ ತಾನೇ ತುಂಬುತ್ತದೆಂಬ ಜಾಹೀರಾತನ್ನೂ ನಂಬಬೇಕಾಗಿಲ್ಲ. ಗಟ್ಟಿಮುಟ್ಟಾದ ಆಳು ಬಿಡದೆ ತುಳಿದರೂ ಹುಟ್ಟಿಸುವ ಶಕ್ತಿ 75ರಿಂದ 100 ವಾಟ್. ಸೈಕಲನ್ನು ನಿಲ್ಲಿಸಿಕೊಂಡು ಬರಿದೇ ತುಳಿದರೂ ಆ ಬ್ಯಾಟರಿ ತುಂಬಲು ನಾಲ್ಕು ಗಂಟೆ ಸಾಲದು.

ಇನ್ನು ಕೂಡಿಸುವ ಕೆಲಸ. ಇದರಲ್ಲಿ ಅಪಾಯ ಎಲ್ಲಿದೆಯೆಂಬುದನ್ನು ಕೈಪಿಡಿ ಹೇಳುತ್ತದೆ. ಓದಲಾರದವನಿಗೆ ಅದು ಇದ್ದೂ ಇಲ್ಲ. ಹಬ್ ಮೋಟಾರಿನ ಅಚ್ಚು ಸಾಧಾರಣ ಸೈಕಲಿನ ಅಚ್ಚಿಗಿಂತ ದಪ್ಪ. ಫೋರ್ಕಿನ ಸೀಳಿನಲ್ಲಿ ಕೂರದಿದ್ದರೆ ಅರದಿಂದ ಉಜ್ಜಿ ಸೀಳನ್ನು ಅಗಲ ಮಾಡುವುದುಂಟು. ಹಾಗೆ ಸವೆಸಿದ ಫೋರ್ಕು ಭಾರ ಹೊತ್ತ ಇಳಿಜಾರಿನಲ್ಲಿ ಮುರಿದರೆ ಸವಾರನ ಮುಖ ನೆಲಕ್ಕೆ ಬಡಿಯುತ್ತದೆ. ಮೋಟಾರು ತಿರುಗುವಾಗ ಅಚ್ಚೇ ತಿರುಗಿ ವಯರು ಹರಿಯದಂತೆ ಹಿಡಿದಿರಿಸುವ ಕಬ್ಬಿಣದ ಪಟ್ಟಿಯೊಂದಿದೆ. ಬೆಲೆ ಉಳಿಸಲೆಂದು ಅದನ್ನು ಬಿಡಬಾರದು. ನಮ್ಮ ಹಿರಿಯರ ಕಾಲದ ಎತ್ತರದ ಸೈಕಲುಗಳಲ್ಲಿ ಇರುವುದು ಸರಳಿನ ಬ್ರೇಕು. ಮೋಟಾರಿನೊಡನೆ ಬರುವ ಬ್ರೇಕಿನ ಹಿಡಿ ತಂತಿಯ ಬ್ರೇಕಿಗೆ ತಕ್ಕದ್ದು; ಹಿಡಿಯನ್ನು ಅದುಮಿದೊಡನೆ ಮೋಟಾರು ನಿಲ್ಲುವ ಏರ್ಪಾಡು ಅದರಲ್ಲಿದೆ. ಸರಳಿನ ಬ್ರೇಕನ್ನು ಹಾಗೆಯೇ ಉಳಿಸಿಕೊಂಡರೆ ಆ ರಕ್ಷಣೆ ತಪ್ಪಿತು. ಮೇಲಾಗಿ ಜೂನಿನಿಂದ ಸೆಪ್ಟೆಂಬರಿನ ವರೆಗೆ ನಮ್ಮಲ್ಲಿ ಸುರಿಯುವ ಮಳೆಯಲ್ಲಿ ಒದ್ದೆ ರಿಮ್ಮಿನ ಮೇಲೆ ರಬ್ಬರು ಹಿಡಿಯುವುದೇ ಕಷ್ಟ. ಆದುದರಿಂದ ಮೊದಲು ಬ್ರೇಕು, ಆಮೇಲೆ ಮೋಟಾರು.

ಬ್ಯಾಟರಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳೆಯ ಬಿಡಿ ಸೆಲ್ಲುಗಳನ್ನು ಬೆಸೆದು ಅಗ್ಗಕ್ಕೆ ಮಾರುವ ಬ್ಯಾಟರಿಯನ್ನು ಮನೆಯೊಳಗೆ ತರುವುದೆಂದರೆ ಕೆಂಡವನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ. ಅದರದೇ ಚಾರ್ಜರು ಬಿಟ್ಟು ಬೇರೆಯದನ್ನು ಸಿಕ್ಕಿಸಬಾರದು. ಎಲ್ಲರೂ ಮಲಗಿದ ಮೇಲೆ, ಬೈಹುಲ್ಲು, ಸೋಗೆ, ಅಡಿಕೆ ಸಿಪ್ಪೆ ರಾಶಿ ಹಾಕಿದ ಕೊಟ್ಟಿಗೆಯಲ್ಲಿ ಅಥವಾ ಹೊರಗೆ ಹೋಗುವ ಬಾಗಿಲಿನ ಬಳಿ ಚಾರ್ಜಿಗೆ ಇಡಬಾರದು. ಬಿದ್ದು ಬಿರುಕುಬಿಟ್ಟ, ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ತಿಗನಾರೆಯವರಿಗೆ ಇನ್ನೊಂದು ಮಾತು. ಆ ಸೀಮೆಯಲ್ಲಿ ಆನೆಗಳು ಕಾಡಿನಿಂದ ಹೊಲಕ್ಕೆ ಇಳಿಯುವುದು ಎಲ್ಲರಿಗೂ ತಿಳಿದದ್ದೇ. ಮೊಪೆಡ್ಡಿನ ಸದ್ದಿಗೆ ದೂರದಿಂದಲೇ ಎಚ್ಚರಗೊಳ್ಳುವ ಪ್ರಾಣಿಗೆ ಸದ್ದಿಲ್ಲದ ಈ ಸೈಕಲು ತೀರ ಹತ್ತಿರ ಬಂದ ಮೇಲಷ್ಟೆ ಗೊತ್ತಾದೀತು. ಮೋಟಾರು ಇದೆಯೆಂಬ ಧೈರ್ಯದಿಂದ ಮುಸ್ಸಂಜೆಯ ಮೇಲೆ ಕಾಡಂಚಿನ ದಾರಿ ಹಿಡಿಯಬಾರದು.

ಮೂರನೆಯ ಪ್ರಶ್ನೆಗೆ ಬರೋಣ. ಮೇಲೆ ಹೇಳಿದ ಒಂದೊಂದು ಸಂಗತಿಯೂ ಕನ್ನಡದಲ್ಲಿ ಹೇಳಲು ಬಾರದಂಥದ್ದೇನಲ್ಲ. ಆದರೂ ಕೈಪಿಡಿ ಬರುವುದು ಇಂಗ್ಲಿಷಿನಲ್ಲಿ. ಸರಕಾರದ ಸುರಕ್ಷತಾ ತಿಳುವಳಿಕೆ ಇಲ್ಲಿ ಮಲಯಾಳದಲ್ಲಿ, ಅಲ್ಲಿ ತಮಿಳಿನಲ್ಲಿ. ಫೋನಿನ ವಿಡಿಯೋಗಳಲ್ಲಿ ಕನ್ನಡ ಉಂಟೆನ್ನಬಹುದು. ಹೌದು, ಆದರೆ ಅದು ಬಹುಮಟ್ಟಿಗೆ ಮಾರುವವನ ಕನ್ನಡ. ಅದರಲ್ಲಿ ಕಿಲೋಮೀಟರುಗಳ ಲೆಕ್ಕವಿರುತ್ತದೆ, ಕಾನೂನಿನ ಲೆಕ್ಕವಿರುವುದಿಲ್ಲ.

ಗಡಿಯ ಕನ್ನಡಿಗರು ಶಾಲೆಯ ಕನ್ನಡಕ್ಕಾಗಿ ಹೋರಾಡುತ್ತಲೇ ಬಂದಿದ್ದೇವೆ. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯಿದೆ ಬಂದಾಗ ಅವರು ದನಿಯೆತ್ತಿದರು. ಕೇರಳದ 2017ರ ಮಲಯಾಳ ಕಲಿಕೆಯ ಕಾಯಿದೆ ಬಂದಾಗ ನಾವು. ಅದು ಆಗಲೇಬೇಕಾದ ಹೋರಾಟ. ಆದರೆ ಶಾಲೆಯ ಗೇಟಿನಿಂದ ಹೊರಗೆ ಕನ್ನಡದಿಂದ ಯಾವ ಕೆಲಸವೂ ಆಗುವುದಿಲ್ಲವೆಂದು ಕಂಡರೆ ಮಗುವನ್ನು ಕನ್ನಡ ಶಾಲೆಗೆ ಕಳುಹಿಸೆಂದು ತಂದೆಗೆ ಯಾವ ಬಾಯಿಂದ ಹೇಳೋಣ? ಮತದ ಚೀಟಿಗೂ ಮದುವೆಯ ಕಾಗದಕ್ಕೂ ಸಾಕಾಗುವ ಭಾಷೆ ನಟ್ಟು ಬಿಗಿಯಲು ಸಾಲದೆಂದು ಒಪ್ಪಿಕೊಂಡ ದಿನ ಅದು ಮನೆಯೊಳಗಿನ ಮಾತಾಗಿ ಮೂಲೆ ಸೇರುತ್ತದೆ.

ಮಾಡಬೇಕಾದುದು ಬೆಟ್ಟದಷ್ಟಿಲ್ಲ. ಸಂವಿಧಾನದ 350ನೆಯ ವಿಧಿ ಯಾವ ಪ್ರಜೆಯೂ ತನ್ನ ಅಹವಾಲನ್ನು ಕೇಂದ್ರದಲ್ಲಿಯೋ ರಾಜ್ಯದಲ್ಲಿಯೋ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸಬಹುದೆನ್ನುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೂ ಕನ್ನಡಿಗರು ಕನ್ನಡದಲ್ಲಿ ಬರೆದು ಕನ್ನಡದಲ್ಲಿಯೇ ಉತ್ತರ ಪಡೆಯಲು ಎಡೆ ಮಾಡಿತ್ತು. ವಿದ್ಯುತ್ ವಾಹನ ಮತ್ತು ಬ್ಯಾಟರಿಯ ಸುರಕ್ಷತೆಯ ಬಗ್ಗೆ ಒಂದು ಹಾಳೆಯ ತಿಳುವಳಿಕೆಯನ್ನು ಕನ್ನಡದಲ್ಲಿ ಕೊಡಿರೆಂದು ಸಾರಿಗೆ ಕಚೇರಿಗೆ, ವಿದ್ಯುತ್ ಕಚೇರಿಗೆ, ಪಂಚಾಯತಿಗೆ ನಮ್ಮ ಗ್ರಂಥಾಲಯಗಳೂ ಯುವಕ ಸಂಘಗಳೂ ಕನ್ನಡದಲ್ಲಿಯೇ ಅರ್ಜಿ ಬರೆಯಲಿ. ಹತ್ತನೆಯ ತರಗತಿಯ ವಿಜ್ಞಾನದ ಅಧ್ಯಾಪಕರು ವಿದ್ಯುತ್ತಿನ ಪಾಠ ಬಂದಾಗ ಕರಿಹಲಗೆಯ ಮೇಲೆ ಈ ಸೈಕಲಿನ ಲೆಕ್ಕವನ್ನೇ ಮಾಡಿಸಲಿ. ಮಗು ಆ ಲೆಕ್ಕವನ್ನು ಮನೆಗೆ ಕೊಂಡೊಯ್ದು ತಂದೆಗೆ ಹೇಳುವುದಾದರೆ ಕನ್ನಡ ಮಾಧ್ಯಮದ ಪ್ರಯೋಜನಕ್ಕೆ ಬೇರೆ ಸಾಕ್ಷಿ ಬೇಡ. ಊರಿನ ಸೈಕಲು ಅಂಗಡಿಯವನನ್ನು ಕರೆಸಿ ಶಾಲೆಯ ಅಂಗಳದಲ್ಲಿ ಅರ್ಧ ದಿನದ ಪ್ರಾತ್ಯಕ್ಷಿಕೆ ನಡೆಸಿದರೂ ಆದೀತು. ಅವನ ಕೈಚಳಕಕ್ಕೆ ಪುಸ್ತಕದ ತಿಳುವಳಿಕೆ ಸೇರಲಿ.

ಹೈಸ್ಕೂಲಿನ ಮಕ್ಕಳ ಕೈಗೆ ಮೋಟಾರು ಕೊಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಅವರಿಗೆ ತುಳಿಯುವ ಸೈಕಲೇ ಸಾಕು. ಮೋಟಾರು ಬೇಕಾದುದು ಮೊಣಕಾಲು ಸೋತ ಹಾಲಿನವನಿಗೆ, ಸಂತೆಗೆ ತರಕಾರಿ ಹೊರುವವನಿಗೆ, ಬಸ್ಸಿಲ್ಲದ ಊರಿನ ಅಂಗನವಾಡಿಯ ಅಕ್ಕನಿಗೆ. ಇಂತಹವರಿಗೆ ಹತ್ತು ಸಾವಿರ ರೂಪಾಯಿಗೂ ಮೀರಿದ ಖರ್ಚು ಭಾರವೇ ಸರಿ. ಸಹಕಾರಿ ಸಂಘಗಳು ಪರೀಕ್ಷಾ ಪತ್ರವಿರುವ ಸಾಮಾನಿಗಷ್ಟೆ ಸಣ್ಣ ಸಾಲ ಕೊಡುವುದಾದರೆ ಹಣವೂ ಜೀವವೂ ಉಳಿದಾವು.

ಅಂತಹ ತಿಳುವಳಿಕೆಯ ಹಾಳೆಯೊಂದನ್ನು ತಿಳಿದವರು ಸಿದ್ಧಪಡಿಸಿ ಕಳುಹಿಸಿದರೆ ನಮ್ಮ ಪತ್ರಿಕೆ ಅದನ್ನು ಬೆಲೆಯಿಲ್ಲದೆ ಅಚ್ಚು ಹಾಕಿ ಹಂಚಲು ಸಿದ್ಧವಿದೆ; ತಿಗನಾರೆಗೂ ಕಳುಹಿಸುವೆವು. ಅಧ್ಯಾಪಕರೂ ವಿದ್ಯುತ್ ಕೆಲಸಗಾರರೂ ಮುಂದೆ ಬರುವರೆಂದು ಆಶಿಸುತ್ತೇವೆ.