ಹಸಿರು ಕಾನೂನು ಯುರೋಪಿನದ್ದು, ಹೊರೆ ವನಗೂರಿನದ್ದು

ಬ್ರಸೆಲ್ಸ್‌ನಲ್ಲಿ ರೂಪುಗೊಂಡ ಕಾನೂನೊಂದು ಸಕಲೇಶಪುರ ತಾಲೂಕಿನ ವನಗೂರಿನಲ್ಲಿರುವ ಎರಡೆಕರೆ ಕಾಫಿ ತೋಟದ ಬೇಲಿಯನ್ನು ಅಳೆಯಲು ಹೊರಟಿದೆ. ಅರಣ್ಯನಾಶ ತಡೆಯ ಹೆಸರಿನಲ್ಲಿ ಐರೋಪ್ಯ ಒಕ್ಕೂಟವು 2023ರಲ್ಲಿ ಜಾರಿಗೆ ತಂದ ಈ ಕಾನೂನಿನ ಪ್ರಕಾರ ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರಮಟ್ಟು ಮತ್ತು ಜಾನುವಾರು ಎಂಬ ಏಳು ಬಗೆಯ ಸರಕುಗಳು ಯುರೋಪಿನ ಮಾರುಕಟ್ಟೆಯನ್ನು ಪ್ರವೇಶಿಸಬೇಕಾದರೆ, 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ನೆಲದಲ್ಲಿ ಅವು ಬೆಳೆದಿಲ್ಲವೆಂದು ಸಾಬೀತಾಗಬೇಕು. ತಪ್ಪಿದರೆ ಆಮದುದಾರ ಕಂಪೆನಿಗೆ ವಿಧಿಸುವ ದಂಡದ ಗರಿಷ್ಠ ಮಿತಿಯು ಅದರ ವಾರ್ಷಿಕ ವಹಿವಾಟಿನ ಕನಿಷ್ಠ ಶೇಕಡಾ 4ರಷ್ಟಿರಬೇಕು ಎನ್ನುತ್ತದೆ ಕಾನೂನು.

ಇದು ಬಿಡಿ ಕಾನೂನಲ್ಲ. 2050ರ ವೇಳೆಗೆ ಇಡೀ ಖಂಡವನ್ನು ಇಂಗಾಲಮುಕ್ತಗೊಳಿಸುವುದಾಗಿ 2019ರಲ್ಲಿ ಘೋಷಿಸಲಾದ 'ಐರೋಪ್ಯ ಹಸಿರು ಒಪ್ಪಂದ'ದ ಒಂದು ಅಂಗವಿದು. ಸುಸ್ಥಿರ ಅಭಿವೃದ್ಧಿಗಾಗಿ ಆಡಳಿತದ ದಿಕ್ಕನ್ನೇ ಬದಲಿಸಿದ ನೀತಿಯೆಂದು ಜಗತ್ತು ಅದನ್ನು ಕೊಂಡಾಡಿದೆ. ಉದ್ದೇಶ ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ. ಕಾಡಿನ ಬೆಲೆಯನ್ನು ವನಗೂರಿನ ಜನರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಬಿಸಿಲೆಯ ಆಸುಪಾಸಿನ ಈ ಬೆಟ್ಟಗಳಲ್ಲಿ ಬಿದ್ದ ಮಳೆಯ ಒಂದು ಪಾಲು ಕುಮಾರಧಾರೆಯ ಮೂಲಕ ನೇತ್ರಾವತಿಗೂ, ಇನ್ನೊಂದು ಪಾಲು ಹೇಮಾವತಿಯ ಮೂಲಕ ಕಾವೇರಿಗೂ ಸೇರುತ್ತದೆ. ಕಾಡು ಬೋಳಾದರೆ ಎರಡು ಕಡಲುಗಳತ್ತ ಹರಿಯುವ ನೀರೂ ಬತ್ತುತ್ತದೆ. ಆದ್ದರಿಂದ ಪ್ರಶ್ನೆ ಇರುವುದು ಕಾಡು ಉಳಿಯಬೇಕೇ ಎಂಬುದರಲ್ಲಲ್ಲ. ಅದನ್ನು ಉಳಿಸುವ ವೆಚ್ಚವನ್ನು ಯಾರ ಹೆಗಲ ಮೇಲೆ ಹೊರಿಸಲಾಗುತ್ತಿದೆ ಎಂಬುದರಲ್ಲಿ.

ಒಂದು ಮೂಟೆಯ ಕಥೆ

ಭಾರತದ ಕಾಫಿ ಬೆಳೆಗಾರರಲ್ಲಿ ಶೇಕಡಾ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಭೂಮಿಯುಳ್ಳ ಸಣ್ಣ ಹಿಡುವಳಿದಾರರು. ದೇಶದ ಕಾಫಿಯ ಸುಮಾರು ಶೇಕಡಾ 70 ಕರ್ನಾಟಕದ್ದು. ಬೆಳೆದ ಕಾಫಿಯ ಬಹುಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂಗಳೇ ಅದರ ದೊಡ್ಡ ಗಿರಾಕಿಗಳು.

ಸಣ್ಣ ಬೆಳೆಗಾರ ತನ್ನ ಕಾಫಿಯನ್ನು ತಾನೇ ಹಡಗಿಗೇರಿಸುವುದಿಲ್ಲ. ಕಣದಲ್ಲಿ ಒಣಗಿಸಿದ ಚೆರ್ರಿಯ ನಾಲ್ಕಾರು ಮೂಟೆಗಳನ್ನು ಪೇಟೆಯ ವ್ಯಾಪಾರಿಗೆ ಮಾರುತ್ತಾನೆ. ವ್ಯಾಪಾರಿ ಹತ್ತಾರು ಮಂದಿಯ ಕಾಫಿಯನ್ನು ಒಟ್ಟುಗೂಡಿಸಿ ಕ್ಯೂರಿಂಗ್ ವರ್ಕ್ಸ್‌ಗೆ ಕಳುಹಿಸುತ್ತಾನೆ. ಹೊಸ ಕಾನೂನು ಪೆಟ್ಟು ಕೊಡುವುದು ಈ ಬೆರಕೆಗೇ. ಪ್ರತಿಯೊಂದು ತೋಟದ ಅಕ್ಷಾಂಶ, ರೇಖಾಂಶಗಳು ಸರಕಿನ ಜೊತೆಗೇ ಸಾಗಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಅದರ ಗಡಿಯ ಪೂರ್ಣ ನಕ್ಷೆಯೇ ಬೇಕು. ವಿಳಾಸವಿಲ್ಲದ ಒಂದು ಮೂಟೆ ಸೇರಿಕೊಂಡರೆ ಇಡೀ ಲಾರಿಯ ಸರಕಿಗೇ ಕಳಂಕ ತಟ್ಟುತ್ತದೆ.

ಹಾಗಾದರೆ ರಫ್ತುದಾರ ಏನು ಮಾಡುತ್ತಾನೆ? ನೂರು ಮಂದಿಯ ದಾಖಲೆ ಹುಡುಕುವ ಬದಲು ನೂರೆಕರೆಯ ಒಬ್ಬ ಎಸ್ಟೇಟ್ ಮಾಲಕನ ಬಾಗಿಲು ತಟ್ಟುತ್ತಾನೆ. ಅಲ್ಲಿ ಗುಮಾಸ್ತರಿದ್ದಾರೆ, ಗಣಕಯಂತ್ರಗಳಿವೆ, ಅಚ್ಚುಕಟ್ಟಾದ ಕಾಗದಪತ್ರಗಳಿವೆ. ಸಣ್ಣವನ ಕಾಫಿ ಸ್ಥಳೀಯ ಮಾರುಕಟ್ಟೆಯಲ್ಲಿ ಅಗ್ಗವಾಗುತ್ತದೆ. ಅವನನ್ನೇ ನಂಬಿಕೊಂಡ ಸಕಲೇಶಪುರ, ಆಲೂರುಗಳ ಸಣ್ಣ ವ್ಯಾಪಾರಿ, ಹಮಾಲಿ, ಲಾರಿ ಚಾಲಕರ ಮನೆಗಳಿಗೂ ಅದರ ಬಿಸಿ ತಟ್ಟುತ್ತದೆ. ಕಾಫಿ, ಕಾಳುಮೆಣಸಿನ ವ್ಯಾಪಾರದಲ್ಲಿ ತಲೆಮಾರುಗಳಿಂದ ತೊಡಗಿರುವ ನಮ್ಮ ಕುಟುಂಬಗಳು ಇದನ್ನು ಎಸ್ಟೇಟ್ ಮಾಲಕರ ಸಮಸ್ಯೆಯೆಂದು ತಳ್ಳಿಹಾಕುವಂತಿಲ್ಲ.

ಕಡಿದವರು ಯಾರು?

ಯಮನ್‌ನ ಮೋಕಾ ಬಂದರಿನಿಂದ ಬಾಬಾ ಬುಡನ್‌ರವರು ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ಐತಿಹ್ಯ. ಅದು ಬೆಟ್ಟವನ್ನು ಬೋಳಿಸಿದ ಕಥೆಯಲ್ಲ. ಮಲೆನಾಡಿನಲ್ಲಿ ತೋಟಗಾರಿಕೆ ದೊಡ್ಡ ಉದ್ಯಮವಾಗಿ ಹಬ್ಬಿದ್ದು ಐರೋಪ್ಯ ಪ್ಲಾಂಟರುಗಳು ಬಂದ ಮೇಲೆ. ಇಂದಿನ ಸಕಲೇಶಪುರ ಸೀಮೆಯಾದ ಮಂಜರಾಬಾದಿನ ದಕ್ಷಿಣ ಭಾಗದಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಪ್ಲಾಂಟರ್ 1843ರಲ್ಲಿ ತೋಟವೆಬ್ಬಿಸಲು ಆರಂಭಿಸಿದ. ಬೆಟ್ಟ ಕಡಿದು ಬಂದ ಲಾಭ ಹಡಗೇರಿ ಯುರೋಪಿಗೆ ಹೋಯಿತು. ಈಗ ಅದೇ ಯುರೋಪು ಲೆಕ್ಕದ ಪುಸ್ತಕವನ್ನು 2020ರಿಂದ ತೆರೆಯುತ್ತದೆ. ಅದಕ್ಕೆ ಹಿಂದೆ ಕಡಿದವರಿಗೆಲ್ಲ ಕ್ಷಮೆ. ಆಮೇಲೆ ಬೆಳೆದವನಿಗೆ ವಿಚಾರಣೆ. ಇದು ಯಾವ ಸೀಮೆಯ ನ್ಯಾಯ?

ಈ ಕಾನೂನಿನ ಕಣ್ಣಿಗೆ ಬೀಳದ ನಾಶವೂ ಇದೆ. ನಮ್ಮ ತೋಟಗಳ ಹಲಸು, ನಂದಿ, ಮತ್ತಿ, ಬೀಟೆಯಂತಹ ನೆರಳಿನ ಮರಗಳನ್ನು ಉರುಳಿಸಿ ಸಿಲ್ವರ್ ಓಕ್ ನೆಟ್ಟರೆ ಅದರ ದೃಷ್ಟಿಯಲ್ಲಿ ಅರಣ್ಯನಾಶವಾಗುವುದಿಲ್ಲ. ಏಕೆಂದರೆ ತೋಟವು ಕೃಷಿಭೂಮಿ. ಹಕ್ಕಿ ಕೂರುವ ಮರವನ್ನು ಉಳಿಸಿಕೊಂಡ ಬಡ ಬೆಳೆಗಾರನಿಗೂ ಅದನ್ನು ಮಾರಿಕೊಂಡವನಿಗೂ ಅಲ್ಲಿ ವ್ಯತ್ಯಾಸವಿಲ್ಲ. ಸಣ್ಣ ಹಿಡುವಳಿದಾರನಿಗೆ ನ್ಯಾಯವಾದ ಬೆಲೆ ಸಿಗಲಿ ಎಂಬ ಸದಾಶಯದ ಮಾತುಗಳೇನೋ ಇವೆ. ಆದರೆ ಅದನ್ನು ಕಡ್ಡಾಯಗೊಳಿಸುವ ಕಲಮು ಇಲ್ಲ.

ಇನ್ನು ಯುರೋಪು ತನ್ನ ಮನೆಯೊಳಗೆ ಎಷ್ಟು ಕಟ್ಟುನಿಟ್ಟು? 2022ರಲ್ಲಿ ನೈಸರ್ಗಿಕ ಅನಿಲವನ್ನೂ ಅಣುಶಕ್ತಿಯನ್ನೂ ಷರತ್ತುಗಳೊಂದಿಗೆ 'ಹಸಿರು' ಹೂಡಿಕೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ರಶ್ಯದ ಅನಿಲ ಕಡಿಮೆಯಾದೊಡನೆ ಜರ್ಮನಿ ಕಲ್ಲಿದ್ದಲು ಸ್ಥಾವರಗಳನ್ನು ಮತ್ತೆ ಉರಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ರೈತರು ಟ್ರ್ಯಾಕ್ಟರುಗಳೊಂದಿಗೆ ಬ್ರಸೆಲ್ಸ್‌ಗೆ ನುಗ್ಗಿದಾಗ, ಕೀಟನಾಶಕ ಬಳಕೆಯನ್ನು ಅರ್ಧಕ್ಕಿಳಿಸುವ ಮಸೂದೆಯನ್ನು ಹಿಂದೆಗೆದುಕೊಳ್ಳುವುದಾಗಿ ಕೆಲವೇ ದಿನಗಳಲ್ಲಿ ಘೋಷಿಸಲಾಯಿತು. ಅರಣ್ಯನಾಶದ ಕಾನೂನನ್ನೇ ಎರಡು ಬಾರಿ ಮುಂದೂಡಲಾಗಿದೆ. 2024ರ ಡಿಸೆಂಬರಿಗಿದ್ದ ಗಡುವು ಈಗ ದೊಡ್ಡ ಕಂಪೆನಿಗಳಿಗೆ 2026ರ ಡಿಸೆಂಬರಿಗೂ ಸಣ್ಣ ಸಂಸ್ಥೆಗಳಿಗೆ 2027ರ ಜೂನಿಗೂ ಹೋಗಿದೆ. ತಮ್ಮ ರೈತ ಸಿಟ್ಟಾದರೆ ಬಾಗುವ ನೀತಿ, ವನಗೂರಿನ ರೈತನ ಮುಂದೆ ಮಾತ್ರ ಬಿಗಿಯಾಗಿ ನಿಲ್ಲುವುದೇಕೆ? ಅವನ ಟ್ರ್ಯಾಕ್ಟರ್ ಬ್ರಸೆಲ್ಸ್ ತಲುಪುವುದಿಲ್ಲವೆಂದೇ?

ನಮ್ಮ ಸರಕಾರಗಳ ಪಾಲು

ಆದರೆ ಯುರೋಪನ್ನು ಬೈದು ಕೈತೊಳೆದುಕೊಳ್ಳುವುದು ಸುಲಭದ ದಾರಿ. ನಮ್ಮ ರಾಜಕಾರಣಿಗಳು ಹಿಡಿದಿರುವುದೂ ಅದನ್ನೇ. ಕಾನೂನಿನ ಇನ್ನೊಂದು ಷರತ್ತಿನ ಬಗ್ಗೆ ಅವರು ಮಾತನಾಡುವುದಿಲ್ಲ. ಬೆಳೆಯು ಆಯಾ ದೇಶದ ಭೂಹಕ್ಕು, ಕಾರ್ಮಿಕ ಹಕ್ಕುಗಳ ಕಾನೂನುಗಳಿಗೆ ಅನುಗುಣವಾಗಿರಬೇಕೆಂಬುದೇ ಆ ಷರತ್ತು. 2025ರ ಮೇ ತಿಂಗಳಲ್ಲಿ ಭಾರತವನ್ನು 'ಕಡಿಮೆ ಅಪಾಯ'ದ ದೇಶಗಳ ಪಟ್ಟಿಗೆ ಸೇರಿಸಲಾಯಿತು. ಇದರಿಂದ ತಪಾಸಣೆ ಕಡಿಮೆಯಾಗಬಹುದೇ ಹೊರತು ದಾಖಲೆಯ ಅಗತ್ಯ ತಪ್ಪುವುದಿಲ್ಲ.

ಮಲೆನಾಡಿನ ಸಣ್ಣ ಬೆಳೆಗಾರನ ದಾಖಲೆ ಹೇಗಿದೆ? ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಪೋಡಿ ಆಗಿಲ್ಲ. ಬಗರ್ ಹುಕುಂ ಸಾಗುವಳಿಗಾಗಿ ಕೊಟ್ಟ ನಮೂನೆ 50, 53, 57ರ ಅರ್ಜಿಗಳು ತಾಲೂಕು ಕಚೇರಿಯ ಕಡತಗಳಲ್ಲಿ ಕೊಳೆಯುತ್ತಿವೆ. ಇತ್ತ ಸರಕಾರಿ ಭೂಮಿಯನ್ನು ಒತ್ತುವರಿ ಮಾಡಿ ತೋಟವೆಬ್ಬಿಸಿದವರಿಗೆ 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆ ನೀಡಲು ರಾಜ್ಯ ಸರಕಾರ ಕಾನೂನನ್ನೇ ತಿದ್ದಿದೆ. ಲೈನ್ ಮನೆಯಲ್ಲೇ ಬಾಳು ಸವೆಸುವ ಕೂಲಿಕಾರ್ಮಿಕನಿಗೆ ಎರಡು ಗುಂಟೆ ನಿವೇಶನಕ್ಕೆ ಮಾತ್ರ ಜಾಗವಿಲ್ಲ.

ಎರಡೆಕರೆಯವನಿಂದ ಉಪಗ್ರಹದ ಸಾಕ್ಷ್ಯ ಕೇಳುವ ಕಾಲದಲ್ಲೇ, ಇದೇ ಸಕಲೇಶಪುರ ತಾಲೂಕಿನಲ್ಲಿ 24 ಟಿಎಂಸಿ ನೀರೆತ್ತುವ ಎತ್ತಿನಹೊಳೆ ಯೋಜನೆಗೆ 2024ರ ಸೆಪ್ಟೆಂಬರ್ 6ರಂದು ದೊಡ್ಡನಾಗರದಲ್ಲಿ ಚಾಲನೆ ನೀಡಲಾಯಿತು. ಕುಡಿಯುವ ನೀರಿನ ಯೋಜನೆಯೆಂಬ ಹಣೆಪಟ್ಟಿಯ ಆಧಾರದಲ್ಲಿ ಅದಕ್ಕೆ ಪರಿಸರ ಅನುಮತಿಯ ಅಗತ್ಯವೇ ಇಲ್ಲವೆಂದು ವಾದಿಸಲಾಗಿತ್ತು. 8,323 ಕೋಟಿ ರೂಪಾಯಿಯೆಂದು ಆರಂಭವಾದ ಯೋಜನೆಯ ಅಂದಾಜು 23,251 ಕೋಟಿಗೇರಿತು. ಅದೇ ತಿಂಗಳಲ್ಲಿ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅದರ ಬದಲು ಕಾಡನ್ನೂ ಜನರನ್ನೂ ಜೊತೆಗೆ ಉಳಿಸುವ ನೀತಿ ಯಾವುದು? ಉತ್ತರವಿಲ್ಲ.

ಕಾಡು ಒಡೆದದ್ದರ ಬೆಲೆಯನ್ನು ಈ ಸೀಮೆ ಆನೆಗಳ ರೂಪದಲ್ಲಿ ದಿನವೂ ತೆರುತ್ತಿದೆ. 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆ ಸೆರೆಯ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಾಗ ನಾಡೇ ಕಣ್ಣೀರಿಟ್ಟಿತು. ಮುಂಜಾನೆ ತೋಟಕ್ಕೆ ನಡೆದು ಹೋಗಿ ಆನೆಯ ಕಾಲಡಿ ಸಿಕ್ಕ ಕೂಲಿಯಾಳುಗಳ ಹೆಸರು ಎಷ್ಟು ಮಂದಿಗೆ ನೆನಪಿದೆ?

ಆಗಬೇಕಾದದ್ದೇನು?

ಗಡುವು ಮುಂದೆ ಹೋದದ್ದು ನಿದ್ರಿಸಲಿಕ್ಕಲ್ಲ. ಕಾಫಿ ಮಂಡಳಿ ತನ್ನ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ಆರಂಭಿಸಿದ್ದು ಸರಿಯಾದ ಹೆಜ್ಜೆ. ಆದರೆ ಸ್ಮಾರ್ಟ್ ಫೋನ್ ಇಲ್ಲದ, ನೆಟ್‌ವರ್ಕ್ ಸಿಗದ ಬೆಟ್ಟದ ಬೆಳೆಗಾರನ ಬಳಿಗೆ ಸಿಬ್ಬಂದಿಯೇ ಹೋಗಬೇಕು. ಸರಕಾರಿ ವೆಚ್ಚದಲ್ಲೇ ತೋಟದ ಅಳತೆ, ಪೋಡಿ ಮತ್ತು ಪೌತಿ ಖಾತೆ ಮುಗಿಯಬೇಕು. ಬಾಕಿಯಿರುವ ಸಣ್ಣ ಸಾಗುವಳಿದಾರರ ಅರ್ಜಿಗಳು ದೊಡ್ಡವರ ಗುತ್ತಿಗೆಗಿಂತ ಮೊದಲು ಇತ್ಯರ್ಥವಾಗಬೇಕು. ಬೆಳೆಗಾರರೂ ಪೇಟೆಯ ವ್ಯಾಪಾರಿಗಳೂ ಸೇರಿ ಸಹಕಾರಿ ನೆಲೆಯಲ್ಲಿ ಒಂದೇ ದಾಖಲೆ ಪುಸ್ತಕ ಇಟ್ಟರೆ ನೂರು ಮಂದಿಯ ಕಾಫಿಯನ್ನೂ ಲೆಕ್ಕ ತಪ್ಪದೆ ಕಳುಹಿಸಬಹುದು. ಕೂಲಿಕಾರ್ಮಿಕರ ಕನಿಷ್ಠ ವೇತನ ಮತ್ತು ವಸತಿಯೂ ಆ ಲೆಕ್ಕದಲ್ಲಿ ಸೇರಬೇಕು. ಯುರೋಪಿನೊಂದಿಗೆ ವ್ಯಾಪಾರದ ಮೇಜಿನಲ್ಲಿ ಕುಳಿತಾಗಲೆಲ್ಲ ಕೇಂದ್ರ ಸರಕಾರವು ಹೆಚ್ಚುವರಿ ಬೆಲೆಯ ಪ್ರಶ್ನೆಯನ್ನು ಎತ್ತಬೇಕು: ಶುದ್ಧ ಕಾಫಿ ಬೇಕೆನ್ನುವವನು ಶುದ್ಧತೆಯ ಖರ್ಚನ್ನೂ ಕೊಡಲಿ.

ನೆರಳಿನ ಮರದ ಕೆಳಗೆ ಕಾಫಿ ಬೆಳೆದು ಕಾಡಿನ ಅಂಚನ್ನು ಕಾದವನು ವನಗೂರಿನ ಸಣ್ಣ ರೈತ. ಅವನನ್ನೇ ಮಾರುಕಟ್ಟೆಯಿಂದ ಹೊರಗಟ್ಟಿದರೆ ಅವನ ಎರಡೆಕರೆ ನಾಳೆ ರೆಸಾರ್ಟಿನ ಪಾಲಾಗುತ್ತದೆ. ಆಗ ಯುರೋಪಿನ ಕಡತದಲ್ಲಿ ಕಾನೂನು ಗೆದ್ದಿರುತ್ತದೆ, ಬೆಟ್ಟದಲ್ಲಿ ಮರ ಉರುಳಿರುತ್ತದೆ. ಬಡವನನ್ನು ಬೀಳಿಸಿ ಕಾಡನ್ನು ನಿಲ್ಲಿಸಲಾಗದು ಎಂಬ ಸತ್ಯವನ್ನು ಬ್ರಸೆಲ್ಸ್ ಮಾತ್ರವಲ್ಲ, ವಿಧಾನಸೌಧವೂ ಅರ್ಥಮಾಡಿಕೊಳ್ಳಬೇಕಾಗಿದೆ.